ಅಕಾಂಕಾಗುವಾ ಏರುವವರಿಗೆ: ಮೊದಲು ಗಾಳಿಗೆ ದಿನ ಎತ್ತಿಡಿ

ಅರ್ಜೆಂಟೀನಾದ ಮೆಂಡೋಸಾ ಪ್ರಾಂತ್ಯದಲ್ಲಿರುವ ಅಕಾಂಕಾಗುವಾದ ಎತ್ತರ 6961 ಮೀಟರ್. ಏಷ್ಯಾ ಬಿಟ್ಟರೆ ಜಗತ್ತಿನಲ್ಲಿ ಇದಕ್ಕಿಂತ ಎತ್ತರದ ಪರ್ವತ ಇಲ್ಲ. ಹೆಚ್ಚಿನವರು ಹಿಡಿಯುವ ವಾಯವ್ಯ ದಿಕ್ಕಿನ ‘ನಾರ್ಮಲ್ ರೂಟ್‌’ ದಾರಿಯಲ್ಲಿ ಹಗ್ಗ ಹಾಕಿ ಹತ್ತಬೇಕಾದ ಬಂಡೆಯೂ ಇಲ್ಲ, ಹಿಮನದಿಯ ಬಿರುಕುಗಳೂ ಇಲ್ಲ. ಹಾಗಾಗಿ ‘ನಡೆದುಕೊಂಡೇ ತುದಿ ಮುಟ್ಟಬಹುದು’ ಅನ್ನುವ ಮಾತು ಎಲ್ಲೆಡೆ ಕೇಳುತ್ತದೆ. ಮಾತು ಸುಳ್ಳಲ್ಲ. ಆದರೆ ಮೇಲಿನ ಕ್ಯಾಂಪ್‌ಗಳಿಂದ ಬರಿಗೈಯಲ್ಲಿ ಇಳಿಯುತ್ತಿದ್ದವರನ್ನು ಕೇಳಿದರೆ ಬಹುಪಾಲು ಒಂದೇ ಉತ್ತರ: ಕಾಲಲ್ಲಿ ಕಸುವಿತ್ತು, ಗಾಳಿ ತಗ್ಗುವ ಮೊದಲೇ ಕೈಯಲ್ಲಿದ್ದ ದಿನಗಳು ಮುಗಿದವು. ಪರ್ಮಿಟ್‌ನಿಂದ ಹಿಡಿದು ಗ್ಯಾಸ್ ಡಬ್ಬಿಯವರೆಗೆ ಎಲ್ಲ ಲೆಕ್ಕವೂ ಗಾಳಿಯಿಂದಲೇ ಶುರುವಾಗಬೇಕು ಅನ್ನುವುದು ಇಳಿದು ಬಂದ ಮೇಲೆ ಇನ್ನಷ್ಟು ಗಟ್ಟಿಯಾದ ಅಭಿಪ್ರಾಯ. ಮುಂದೆ ಹೋಗುವವರಿಗೆ ಅನುಕೂಲವಾಗಲಿ ಎಂದು ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಏರುವ ಕಾಲ ಅಲ್ಲಿನ ಬೇಸಿಗೆ, ಅಂದರೆ ನವೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಚಳಿ ಕಡಿಮೆ, ಜನ ಜಾಸ್ತಿ, ಪರ್ಮಿಟ್ ಶುಲ್ಕವೂ ಅತಿ ಹೆಚ್ಚು. ನವೆಂಬರ್‌ನಲ್ಲಿ ಶುಲ್ಕ ಇಳಿಯುತ್ತದೆ, ಹಿಮ ಹೆಚ್ಚಿರುತ್ತದೆ. ಫೆಬ್ರವರಿ ಕೊನೆಗೆ ಕೆಳಗಿನ ಕ್ಯಾಂಪ್‌ಗಳ ಸುತ್ತ ಕರಗಿಸಿಕೊಳ್ಳಲು ಹಿಮವೇ ಸಿಗದೆ ದೂರ ಹೋಗಿ ತರಬೇಕಾಗಬಹುದು. ದುಡ್ಡು ಉಳಿಸಲು ಸೀಸನ್‌ನ ಅಂಚಿಗೆ ಹೋಗುವವರು ಉಳಿದ ದುಡ್ಡಿನಲ್ಲಿ ಸ್ವಲ್ಪವನ್ನು ಇನ್ನೂ ಬೆಚ್ಚನೆಯ ಸ್ಲೀಪಿಂಗ್ ಬ್ಯಾಗ್‌ಗೆ ಹಾಕಲೇಬೇಕು.

ಇಡೀ ಯೋಜನೆಯ ಗಂಟು ಇರುವುದು ಪರ್ಮಿಟ್‌ನ ಅವಧಿಯಲ್ಲಿ. ಶಿಖರಾರೋಹಣದ ಪರ್ಮಿಟ್ ಸಿಗುವುದು 20 ದಿನಕ್ಕೆ, ಪರ್ವತ ಇರುವ ಸಂರಕ್ಷಿತ ಉದ್ಯಾನದ ಗೇಟು ದಾಟಿದ ದಿನದಿಂದ ಎಣಿಕೆ. ಎತ್ತರಕ್ಕೆ ಮೈ ಒಗ್ಗಿಸಿಕೊಂಡು, ಸಾಮಾನು ಹಂತ ಹಂತವಾಗಿ ಮೇಲೆ ಹೊತ್ತು, ವಿಶ್ರಾಂತಿ ತೆಗೆದುಕೊಂಡು ಹೋದರೆ 12 ಅಥವಾ 13ನೇ ದಿನಕ್ಕೆ ಕೊನೆಯ ಕ್ಯಾಂಪ್ ತಲುಪುತ್ತೀರಿ. ತುದಿಗೆ ಒಂದು ದಿನ, ಇಳಿಯಲು ಎರಡು ದಿನ ಬೇಕು. ಉಳಿಯುವ ನಾಲ್ಕೈದು ದಿನವೇ ಗಾಳಿಯ ಪಾಲು. ಎರಡು ವಾರದ ರಜೆಯಲ್ಲಿ ವಿಮಾನ ಪ್ರಯಾಣವನ್ನೂ ಸೇರಿಸಿ ಮುಗಿಸುತ್ತೇವೆ ಎಂದು ಹೊರಡುವವರಿಗೆ ಈ ಪಾಲೇ ಇರುವುದಿಲ್ಲ. ಅಂಥವರು ಲಾಟರಿ ಟಿಕೆಟ್ ಕೊಂಡಂತೆಯೇ ಸರಿ.

ಪರ್ಮಿಟ್ ಅರ್ಜಿಯನ್ನು ಮೆಂಡೋಸಾ ಪ್ರಾಂತ್ಯದ ವ್ಯವಸ್ಥೆಯಲ್ಲಿ ಆನ್‌ಲೈನ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲೇ ಹಾಕಬೇಕು. ಯಾವ ಮಾರ್ಗ, ಯಾವ ದಿನ ಪ್ರವೇಶ, ಸಾಮಾನು ಯಾವ ಕಂಪನಿ ಸಾಗಿಸುತ್ತದೆ, ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರಲಿ. ನಮ್ಮವರಿಗೆ ಎಡವಟ್ಟಾಗುವುದು ಹೆಸರಿನಲ್ಲಿ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರ ಹೆಸರು ಎಲ್ಲ ಇರುತ್ತದೆ; ವಿಮೆಯಲ್ಲಿ ಬರೀ ಒಂದಕ್ಷರ; ವಿಮಾನದ ಟಿಕೆಟ್‌ನಲ್ಲಿ ಹಿಂದುಮುಂದು. ಮೂರರಲ್ಲೂ ಪಾಸ್‌ಪೋರ್ಟ್‌ನ ಅಕ್ಷರವೇ ಬರುವಂತೆ ನೋಡಿಕೊಳ್ಳಿ. ಪಾಸ್‌ಪೋರ್ಟ್‌ನ ಮೂಲಪ್ರತಿ ಕೈಯಲ್ಲಿರಲಿ, ಎಲ್ಲ ಕಾಗದವನ್ನೂ ಮುದ್ರಿಸಿ ಇಟ್ಟುಕೊಳ್ಳಿ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಆಸುಪಾಸಿನಲ್ಲಿ ಕಚೇರಿ, ಬ್ಯಾಂಕು ಮುಚ್ಚಿರುತ್ತವೆ. ಮೆಂಡೋಸಾಕ್ಕೆ ವಾರದ ನಡುವೆ ತಲುಪುವ ಹಾಗೆ ಟಿಕೆಟ್ ಮಾಡಿಸಿದರೆ ಅಡ್ಡಾಟ ತಪ್ಪುತ್ತದೆ.

ವಿಮೆಯ ಪಾಲಿಸಿಯನ್ನು ಸಣ್ಣಕ್ಷರದವರೆಗೂ ಓದಿ. ‘ಟ್ರೆಕ್ಕಿಂಗ್ ಸೇರಿದೆ’ ಎಂದು ಮಾರುವ ಪಾಲಿಸಿಗಳಲ್ಲಿ ಕೆಲವು 4500 ಮೀಟರ್‌ಗೆ ನಿಲ್ಲುತ್ತವೆ, ಕೆಲವು 6000ಕ್ಕೆ. ಇಲ್ಲಿ ಬೇಸ್ ಕ್ಯಾಂಪೇ 4300 ಮೀಟರ್‌ನಲ್ಲಿದೆ. 7000 ಮೀಟರ್‌ವರೆಗೆ, ಪರ್ವತಾರೋಹಣ ಅನ್ನುವ ಪದದ ಸಮೇತ, ಹೆಲಿಕಾಪ್ಟರ್ ವೆಚ್ಚವೂ ಸೇರಿದ ಪಾಲಿಸಿ ಬೇಕು. ಅದರ ಒಂದು ಪುಟದ ಪ್ರಮಾಣಪತ್ರವನ್ನು ಇಂಗ್ಲಿಷ್‌ನಲ್ಲಾದರೂ ಸರಿ, ಸ್ಪ್ಯಾನಿಷ್‌ನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ತೆಗೆದಿಟ್ಟುಕೊಳ್ಳಿ.

ಖರ್ಚಿನಲ್ಲಿ ದೊಡ್ಡವು ವಿಮಾನ ಮತ್ತು ಪರ್ಮಿಟ್. ಪರ್ಮಿಟ್ ಶುಲ್ಕ ಪ್ರತಿ ಸೀಸನ್‌ಗೂ ಹೊಸದಾಗಿ ನಿಗದಿಯಾಗುತ್ತದೆ. ಸ್ಥಳೀಯ ಕಂಪನಿಯಿಂದ ಸೇವೆ ಪಡೆದವರಿಗೆ ಒಂದು ದರ, ಏನೂ ಪಡೆಯದವರಿಗೆ ಅದಕ್ಕಿಂತ ಹೆಚ್ಚಿನ ದರ; ಹಾಗಾಗಿ ‘ಎಲ್ಲ ನಾವೇ ಹೊರುತ್ತೇವೆ’ ಅಂದರೆ ಉಳಿತಾಯ ಆಗಿಯೇ ಆಗುತ್ತದೆ ಅನ್ನುವಂತಿಲ್ಲ. ಬೇಸ್ ಕ್ಯಾಂಪ್‌ವರೆಗೆ ಸಾಮಾನು ಹೊರುವ ಹೇಸರಗತ್ತೆ ಸೇವೆ ತೆಗೆದುಕೊಂಡರೆ ಬೇಸ್ ಕ್ಯಾಂಪ್‌ನಲ್ಲಿ ಆ ಕಂಪನಿಯ ಶೌಚಾಲಯ ಬಳಸುವ ಹಕ್ಕು, ಟೆಂಟ್ ಹಾಕಲು ಜಾಗ ಸಾಮಾನ್ಯವಾಗಿ ಅದರಲ್ಲೇ ಬರುತ್ತದೆ. ಊಟ, ಗುಡಾರದ ಹಾಸಿಗೆ, ಇಂಟರ್‌ನೆಟ್, ಪೋರ್ಟರ್‌ಗಳಿಗೆ ಬೇರೆ ಬೇರೆ ದರ, ಎಲ್ಲವೂ ಡಾಲರ್‌ನಲ್ಲಿ. ಪೋರ್ಟರ್‌ಗಳ ಲೆಕ್ಕ ಹಂತಕ್ಕೆ ಇಷ್ಟು ಎಂದು, ಹೊರೆ ಸಾಮಾನ್ಯವಾಗಿ 20 ಕೆ.ಜಿ.; ಎತ್ತರ ಹೆಚ್ಚಿದಂತೆ ದರ ಏರುತ್ತದೆ. ಇಳಿಯುವಾಗ ಸುಸ್ತಾಗಿ ಪೋರ್ಟರ್ ಬೇಕೆನ್ನಿಸುವುದು ಬಹಳ ಜನಕ್ಕೆ, ಆ ದುಡ್ಡನ್ನು ಬೇರೆ ಇಟ್ಟಿರಿ. ನೋಟುಗಳು ಹೊಸದಾಗಿರಲಿ, ಮಡಿಸಿ ಹಳೆಯದಾದ, ಗೀಚಿದ ಡಾಲರ್ ನೋಟನ್ನು ಅಲ್ಲಿ ಮುಟ್ಟುವುದಿಲ್ಲ ಅಥವಾ ಕಡಿಮೆ ಬೆಲೆ ಕಟ್ಟುತ್ತಾರೆ.

ಡಬಲ್ ಬೂಟು, ಡೌನ್ ಜಾಕೆಟ್, ಕ್ರಾಂಪನ್ (ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಲೋಹದ ಮುಳ್ಳು) ಎಲ್ಲವೂ ಮೆಂಡೋಸಾದಲ್ಲಿ ಬಾಡಿಗೆಗೆ ಸಿಗುತ್ತವೆ. ಬೂಟನ್ನು ಮಾತ್ರ ನಿಮ್ಮದೇ ತನ್ನಿ, ಇಲ್ಲವೇ ಕಾಲುಚೀಲ ಹಾಕಿಕೊಂಡು ಅಂಗಡಿಯಲ್ಲೇ ಅರ್ಧ ಗಂಟೆ ನಡೆದು ನೋಡಿ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು. ಬಿಳಿ ಪೆಟ್ರೋಲಿನ ಸ್ಟೋವ್ ಒಯ್ಯುವವರು ಅದರ ವಾಸನೆ ಪೂರ್ತಿ ಹೋಗುವ ಹಾಗೆ ತೊಳೆದು ಒಣಗಿಸದಿದ್ದರೆ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಾಗುತ್ತದೆ.

ಮೆಂಡೋಸಾದಿಂದ 7ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಉಸ್ಪಯ್ಯಾತಾ ದಾಟಿ ಪೆನಿತೆಂತೆಸ್‌ವರೆಗೆ ಬಸ್ಸಿನಲ್ಲಿ ನಾಲ್ಕು ಗಂಟೆಯ ಹತ್ತಿರ ಹಿಡಿಯುತ್ತದೆ. ಸುಮಾರು 750 ಮೀಟರ್‌ನಿಂದ 2600ರ ಹತ್ತಿರಕ್ಕೆ ಏರಿರುತ್ತೀರಿ. ಒಂದು ರಾತ್ರಿ ಅಲ್ಲೇ ಮಲಗುವುದು ಒಳ್ಳೆಯದು. ಸಾಮಾನು ತೂಗುವುದೂ ಇಲ್ಲೇ. ಒಂದು ಹೇಸರಗತ್ತೆಗೆ 60 ಕೆ.ಜಿ., ಎಡಕ್ಕೆ 30 ಬಲಕ್ಕೆ 30. ಒಂದು ಚೀಲ 37, ಇನ್ನೊಂದು 23 ಇದ್ದರೆ ಮೊತ್ತ ಸರಿ ಇದ್ದರೂ ನಡೆಯುವುದಿಲ್ಲ, ಅಲ್ಲೇ ನೆಲದ ಮೇಲೆ ಬಿಚ್ಚಿ ಮತ್ತೆ ಕಟ್ಟಬೇಕು. ಚೀಲವನ್ನು ಹಗ್ಗ ಬಿಗಿದು, ಮಂಡಿ ಒತ್ತಿ ಜಗ್ಗುತ್ತಾರೆ. ದಾರಿಯಲ್ಲಿ ಅದು ಬಂಡೆಗೆ ಉಜ್ಜುತ್ತದೆ. ಸ್ಟೋವ್‌ನ ತಲೆ, ಕನ್ನಡಕ, ಬಿಸ್ಕತ್ತು ಇವನ್ನು ಪಾತ್ರೆಯೊಳಗಿಟ್ಟು ಸುತ್ತ ಬಟ್ಟೆ ತುರುಕಿ. ದಾರಿಯ ಮೊದಲ ಕ್ಯಾಂಪ್ ಕೊನ್‌ಫ್ಲುಯೆನ್ಸಿಯಾಕ್ಕೆ ಬೇಕಾದ ಚೀಲ ಬೇರೆ, ಬೇಸ್ ಕ್ಯಾಂಪ್ ಆದ ಪ್ಲಾಸಾ ದೆ ಮುಲಾಸ್‌ಗೆ ನೇರ ಹೋಗುವ ಚೀಲ ಬೇರೆ. ಕಟ್ಟುವಾಗ ಇದನ್ನು ಬೆರೆಸಿದರೆ ಮೊದಲ ಮೂರು ರಾತ್ರಿ ಔಷಧಿ ಒಂದು ಕಡೆ, ನೀವು ಒಂದು ಕಡೆ.

ಉದ್ಯಾನದ ಒರ್ಕೋನೆಸ್ ಗೇಟಿನಲ್ಲಿ ರೇಂಜರ್‌ಗಳು ಪರ್ಮಿಟ್ ನೋಡಿ ಸಂಖ್ಯೆ ಬರೆದ ಕಸದ ಚೀಲ ಕೊಡುತ್ತಾರೆ. ಆ ಸಂಖ್ಯೆ ಪರ್ಮಿಟ್ ಮೇಲೂ ಬರುತ್ತದೆ. ವಾಪಸು ತಂದು ಒಪ್ಪಿಸದಿದ್ದರೆ ದಂಡ. ಅಲ್ಲಿಂದ 3400 ಮೀಟರ್‌ನ ಕೊನ್‌ಫ್ಲುಯೆನ್ಸಿಯಾಕ್ಕೆ ಮೂರು ನಾಲ್ಕು ಗಂಟೆಯ ಸುಲಭ ನಡಿಗೆ. ಇಲ್ಲಿನ ನೀರಿನಲ್ಲಿ ಖನಿಜಾಂಶ ಹೆಚ್ಚು, ಹೊಟ್ಟೆ ಕೆಡುವುದು ಮಾಮೂಲಿ. ಕಂಪನಿಯ ಗುಡಾರದಲ್ಲಿ ಒಳ್ಳೆಯ ನೀರು ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಓಆರ್‌ಎಸ್ ಪುಡಿ ಕೈಗೆ ಸಿಗುವ ಜಾಗದಲ್ಲಿರಲಿ. ಮಾರನೇ ದಿನ ಪ್ಲಾಸಾ ಫ್ರಾನ್ಸಿಯಾ ಕಡೆಗೆ 4000 ಮೀಟರ್‌ವರೆಗೆ ಹೋಗಿ ಬರಬೇಕು. ಸುಮಾರು 3000 ಮೀಟರ್ ಎದ್ದು ನಿಂತ ದಕ್ಷಿಣ ಮುಖ ಎದುರಿಗೇ ಕಾಣುತ್ತದೆ, ಜೊತೆಗೆ ಮೈಯೂ ಎತ್ತರಕ್ಕೆ ಒಗ್ಗುತ್ತದೆ.

ವೈದ್ಯಕೀಯ ತಪಾಸಣೆ ಎರಡು ಕಡೆ: ಕೊನ್‌ಫ್ಲುಯೆನ್ಸಿಯಾ ಮತ್ತು ಪ್ಲಾಸಾ ದೆ ಮುಲಾಸ್. ಆಮ್ಲಜನಕದ ಪ್ರಮಾಣ, ರಕ್ತದೊತ್ತಡ, ಶ್ವಾಸಕೋಶದ ಸದ್ದು ನೋಡುತ್ತಾರೆ. ಇಲ್ಲಿ ಬಹಳ ಜನ ಸಿಕ್ಕಿಬೀಳುವುದು ಆಮ್ಲಜನಕದಲ್ಲಿ ಅಲ್ಲ, ರಕ್ತದೊತ್ತಡದಲ್ಲಿ. ಎತ್ತರಕ್ಕೆ ಬಂದ ಮೊದಲ ದಿನಗಳಲ್ಲಿ ಒತ್ತಡ ಏರುವುದು ಸಹಜ. ಅದರ ಮೇಲೆ ಪೊಟ್ಟಣದ ಸೂಪು, ಚಿಪ್ಸು, ಸಲಾಮಿಯ ಉಪ್ಪು, ಸಾಲದ್ದಕ್ಕೆ ಸರತಿಯಲ್ಲಿ ನಿಂತ ಆತಂಕ. ಮಿತಿ ಮೀರಿದರೆ ಮಾರನೇ ದಿನ ಬನ್ನಿ ಅನ್ನುತ್ತಾರೆ, ಒಂದು ದಿನ ಹೋಯಿತು. ಹಿಂದಿನ ದಿನದಿಂದ ಉಪ್ಪು ಕಡಿಮೆ ಮಾಡಿ, ಕಾಫಿ ಬಿಡಿ, ಗುಡ್ಡ ಹತ್ತಿ ಬಂದ ಕೂಡಲೇ ಹೋಗದೆ ಒಂದೆರಡು ಗಂಟೆ ಕುಳಿತು ಹೋಗಿ. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ಅಂಕಿ ತೋರಿಸುತ್ತದೆ: ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ, ಉಗುರು ಬಣ್ಣ ತೆಗೆದಿರಿ. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಬಿಪಿ ಮಾತ್ರೆ ಇದ್ದರಂತೂ ಹೇಳಲೇಬೇಕು.

ಪ್ಲಾಸಾ ದೆ ಮುಲಾಸ್‌ಗೆ ಹೋಗುವ ದಿನ ಅತ್ಯಂತ ಉದ್ದದ್ದು. ಎಂಟರಿಂದ ಹತ್ತು ಗಂಟೆ, ಅದರಲ್ಲಿ ಪ್ಲಾಯಾ ಆಂಚಾ ಅನ್ನುವ ಜಲ್ಲಿಕಲ್ಲಿನ ಬಯಲು ಮುಗಿಯುವಂತೆಯೇ ಕಾಣುವುದಿಲ್ಲ. ಮಧ್ಯಾಹ್ನದ ನಂತರ ಎದುರುಗಾಳಿ ಏಳುತ್ತದೆ, ದೂಳು ಗಂಟಲಿಗೆ ಇಳಿಯುತ್ತದೆ, ಹಿಮ ಕರಗಿ ತೊರೆಗಳೂ ಉಬ್ಬುತ್ತವೆ. ಬೆಳಗಿನ ಜಾವವೇ ಹೊರಡಿ, ಮೂಗುಬಾಯಿ ಮುಚ್ಚುವ ಬಟ್ಟೆ ಕಟ್ಟಿಕೊಳ್ಳಿ. ಮೇಲೆ ಅನೇಕರನ್ನು ಕಾಡುವ ಒಣಕೆಮ್ಮಿಗೆ ಇಲ್ಲೇ ಬೀಜ ಬೀಳುತ್ತದೆ. ಕೊನೆಯಲ್ಲಿ ಕುವೆಸ್ತಾ ಬ್ರಾವಾ ಅನ್ನುವ ಕಡಿದಾದ ಏರು, ಸುಸ್ತಾದ ಹೊತ್ತಿಗೆ ಸರಿಯಾಗಿ.

ಬೇಸ್ ಕ್ಯಾಂಪ್‌ನಲ್ಲಿ ಕನಿಷ್ಠ ಎರಡು ರಾತ್ರಿ ಸುಮ್ಮನೆ ಕಳೆಯಬೇಕು. ಪಕ್ಕದ 5000 ಮೀಟರ್‌ನ ಬೊನೆತೆ ಶಿಖರಕ್ಕೆ ಹೋಗಿಬರುವುದು ಒಗ್ಗಿಸಿಕೊಳ್ಳಲು ಒಳ್ಳೆಯ ದಾರಿ. ಆಮೇಲೆ ಸಾಮಾನು ಹೊರುವ ಕೆಲಸ: ಪ್ಲಾಸಾ ಕನಡಾಕ್ಕೆ, ಸುಮಾರು 5000 ಮೀಟರ್, ಅರ್ಧ ಸಾಮಾನು ಇಟ್ಟು ಇಳಿದು ಮಲಗುವುದು, ನಂತರ 5500ರ ಆಸುಪಾಸಿನ ನಿದೊ ದೆ ಕೊಂದೊರೆಸ್, ಕೊನೆಗೆ 5970ರ ಕೊಲೆರಾ. ಬೇಸ್ ಕ್ಯಾಂಪ್‌ನಿಂದ ಮೇಲಕ್ಕೆ ಮಲವನ್ನೂ ಚೀಲದಲ್ಲಿ ಹಾಕಿ ಕೆಳಗೆ ತರಬೇಕು. ಆ ಚೀಲಗಳನ್ನು ಮುಚ್ಚಳ ಬಿಗಿಯಾದ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿಟ್ಟರೆ ಇಳಿಯುವಾಗ ಬೆನ್ನಿನ ಚೀಲದಲ್ಲಿ ಅನಾಹುತ ಆಗುವುದಿಲ್ಲ.

ಇನ್ನು ಗಾಳಿ. ಪರ್ವತ ಇರುವುದು ದಕ್ಷಿಣ ಅಕ್ಷಾಂಶ 32 ಡಿಗ್ರಿ ದಾಟಿದ ಜಾಗದಲ್ಲಿ. ಪೆಸಿಫಿಕ್ ಕಡೆಯಿಂದ ಬರುವ ಪಶ್ಚಿಮದ ಮಾರುತಕ್ಕೆ ಅದರೆದುರು ಅಷ್ಟೆತ್ತರದ ಅಡ್ಡಿ ಇಲ್ಲ. ಆಕಾಶದಲ್ಲಿ ಬಹಳ ಎತ್ತರದಲ್ಲಿ ವೇಗವಾಗಿ ಹರಿಯುವ ಗಾಳಿಪಟ್ಟಿ, ಅಂದರೆ ಜೆಟ್ ಸ್ಟ್ರೀಮ್, ಸ್ವಲ್ಪ ಸರಿದು ಮೇಲೆ ಬಂದರೂ ತುದಿಯಲ್ಲಿ ಗಂಟೆಗೆ 100 ಕಿ.ಮೀ. ದಾಟುತ್ತದೆ. ತುದಿಯ ಮೇಲೆ ನುಣುಪಾದ ಮಸೂರದಂಥ ಮೋಡ ಕೂತಿತು ಅಂದರೆ ಮೇಲೆ ಬಿರುಗಾಳಿ ಇದೆ ಅಥವಾ ಬರುತ್ತಿದೆ ಎಂದೇ ಅರ್ಥ, ಕೆಳಗೆ ಎಷ್ಟು ಬಿಸಿಲಿದ್ದರೂ ಸರಿ. ಗಾಳಿಯ ಜೊತೆ ಹಿಮವೂ ಎದ್ದು ಕಣ್ಣೆದುರು ಬಿಳಿ ಪರದೆ ಕಟ್ಟಿದರೆ ಅದು ಅಲ್ಲಿನವರ ‘ವಿಯೆಂತೊ ಬ್ಲಾಂಕೊ’. ಅದರೊಳಗೆ ಎತ್ತ ಹೆಜ್ಜೆ ಇಡುತ್ತಿದ್ದೀರಿ ಎಂಬುದೂ ತಿಳಿಯುವುದಿಲ್ಲ.

ಮುನ್ಸೂಚನೆ ನೋಡುವಾಗ ‘ಬಿಸಿಲು’ ‘ಮೋಡ’ದ ಚಿತ್ರ ಬಿಡಿ, 6000 ಮತ್ತು 7000 ಮೀಟರ್‌ನ ಗಾಳಿ ವೇಗವನ್ನಷ್ಟೇ ನೋಡಿ. ಎರಡು ಬೇರೆ ಹವಾಮಾನ ಮಾದರಿಗಳ ಅಂಕಿ ಹೊಂದುತ್ತವೆಯೇ, ದಿನದಿಂದ ದಿನಕ್ಕೆ ಅಂಕಿ ಇಳಿಯುತ್ತಿದೆಯೇ ಎಂಬುದು ಒಂದು ದಿನದ ಅಂಕಿಗಿಂತ ಮುಖ್ಯ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 30 ಇದ್ದದ್ದು 60 ಆದರೆ ತಳ್ಳುವ ಬಲ ನಾಲ್ಕು ಪಟ್ಟು. ‘ಮೇಲೆ ಗಾಳಿ ತೆಳು, ಅಷ್ಟು ತಳ್ಳುವುದಿಲ್ಲ’ ಎಂದು ವಾದಿಸುವವರು ಸಿಗುತ್ತಾರೆ. ಲೆಕ್ಕ ನಿಜ, 7000 ಮೀಟರ್‌ನಲ್ಲಿ ಸಾಂದ್ರತೆ ಸಮುದ್ರಮಟ್ಟದ ಅರ್ಧದಷ್ಟೇ, 70 ಕಿ.ಮೀ. ಗಾಳಿ ಅಲ್ಲಿ 50 ಕಿ.ಮೀ.ನ ಹಾಗೆ ತಳ್ಳುತ್ತದೆ. ಆದರೆ ತಡೆದು ನಿಲ್ಲುವ ಮೈಯ ಶಕ್ತಿ ಅರ್ಧಕ್ಕಿಂತ ಕೆಳಗೆ ಹೋಗಿರುತ್ತದೆ, ಚಳಿಯೂ ರಿಯಾಯಿತಿ ಕೊಡುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 60 ಕಿ.ಮೀ. ಗಾಳಿ ಬೀಸಿದರೆ ಗಾಳಿಚಳಿಯ ಸೂತ್ರದ ಪ್ರಕಾರ ಚರ್ಮಕ್ಕೆ ಅದು ಮೈನಸ್ 36. ನಮ್ಮ ಲೆಕ್ಕದಲ್ಲಿ ತುದಿಯ ಮುನ್ಸೂಚನೆ 40ರ ಒಳಗಿದ್ದರೆ ಹೊರಡಬಹುದು, 50 ದಾಟಿದರೆ ಮಲಗಬಹುದು. ನಡುವಿನ ಹತ್ತಕ್ಕಾಗಿ ತಂಡಗಳಲ್ಲಿ ಜಗಳ ಆಗುತ್ತದೆ. ಮಿತಿಯನ್ನು ಬೇಸ್ ಕ್ಯಾಂಪ್‌ನಲ್ಲೇ, ತಲೆ ನೆಟ್ಟಗಿರುವಾಗಲೇ ಬರೆದಿಟ್ಟುಕೊಳ್ಳಿ.

ನಿದೊದಲ್ಲಿ ಮರೆಯಿಲ್ಲ. ಟೆಂಟ್ ಹಾಕುವುದೇ ಒಂದು ವಿದ್ಯೆ. ನೆಲ ಸಡಿಲ ಜಲ್ಲಿ, ಗೂಟ ಹಿಡಿಯುವುದಿಲ್ಲ. ಟೆಂಟನ್ನು ಚೀಲದಿಂದ ಪೂರ್ತಿ ತೆಗೆಯುವ ಮೊದಲೇ ಗಾಳಿ ಬರುವ ಬದಿಯ ಎರಡು ಮೂಲೆಗೆ ಹಗ್ಗ ಕಟ್ಟಿ ಕಲ್ಲಿಗೆ ಬಿಗಿಯಿರಿ, ಒಬ್ಬರು ಅದರ ಮೇಲೆ ಮಂಡಿಯೂರಿ ಕೂರಲಿ. ಕಂಬಿ ತೂರಿಸುವುದು ಅದಾದ ಮೇಲೆ. ಹಗ್ಗವನ್ನು ದೊಡ್ಡ ಕಲ್ಲಿಗೆ ನೇರ ಸುತ್ತಿದರೆ ಚೂಪು ಅಂಚಿಗೆ ಉಜ್ಜಿ ರಾತ್ರಿಯೊಳಗೆ ಕಡಿಯುತ್ತದೆ. ಒಂದು ಸಣ್ಣ ಕಲ್ಲಿಗೆ ಗಂಟು ಹಾಕಿ, ಅದನ್ನು ನೆಲದಲ್ಲಿಟ್ಟು ಎದುರಿಗೆ ಮತ್ತು ಮೇಲೆ 20–25 ಕೆ.ಜಿ.ಯ ಕಲ್ಲು ಹೇರಿ. ಪ್ರತಿ ಟೆಂಟ್‌ಗೂ 3 ಮಿ.ಮೀ. ಹಗ್ಗ 20 ಮೀಟರ್ ಹೆಚ್ಚಿಗೆ, ಕಂಬಿ ಮುರಿದರೆ ತೊಡಿಸುವ ಕೊಳವೆ ಎರಡು ಇರಲೇಬೇಕು. ಒಳಗೆ ಯಾರೂ ಇಲ್ಲದ, ಭಾರವಿಲ್ಲದ ಟೆಂಟ್ ಹಾರಿಹೋಗುತ್ತದೆ; ತುದಿಗೆ ಹೊರಡುವ ದಿನವೂ ಒಳಗೆ ಕಲ್ಲು ತುಂಬಿಡಿ.

ಕಾಯುವ ದಿನಗಳಲ್ಲಿ ಕೈಕೊಡುವುದು ಗ್ಯಾಸ್. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಬೇಕು, ಅದನ್ನು ಹಿಮದಿಂದಲೇ ಕರಗಿಸಬೇಕು, ಅರ್ಧ ಶಾಖ ಹೊರಗೆ ಹೋಗುತ್ತದೆ. ಹಾಗಾಗಿ ತಲೆಗೆ ದಿನಕ್ಕೆ 100–120 ಗ್ರಾಂ ಇಟ್ಟುಕೊಳ್ಳಿ, ಅದರ ಮೇಲೆ ಮೂರು ದಿನದ್ದು ಹೆಚ್ಚಿಗೆ. ಡಬ್ಬಿಯಲ್ಲಿ ಬರೀ ಬ್ಯೂಟೇನ್ ಇದ್ದರೆ ಚಳಿಗೆ ಅದು ಆವಿಯಾಗುವುದಿಲ್ಲ, ಜ್ವಾಲೆ ಸೊರಗುತ್ತದೆ. ಐಸೋಬ್ಯೂಟೇನ್ ಮತ್ತು ಪ್ರೊಪೇನ್ ಮಿಶ್ರಣ ಬೇಕು. ರಾತ್ರಿ ಡಬ್ಬಿ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಲಿ. ಪಾತ್ರೆಯ ತಳದಲ್ಲಿ ಸ್ವಲ್ಪ ನೀರು ಉಳಿಸಿಕೊಂಡು ಹಿಮ ಹಾಕಿ, ಒಣಹಿಮವನ್ನೇ ಹಾಕಿದರೆ ತಳ ಸೀಯುತ್ತದೆ. ಟೆಂಟಿನೊಳಗೆ ಸ್ಟೋವ್ ಹಚ್ಚಿ ಬಾಗಿಲು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್‌ನಿಂದ ಸಾಯುವ ಅಪಾಯವಿದೆ. ಗಾಳಿ ಎಷ್ಟೇ ಇದ್ದರೂ ಮೇಲ್ಭಾಗದ ಕಿಂಡಿ ತೆರೆದಿರಬೇಕು.

ಕಾಯುವುದು ಮನಸ್ಸಿಗೂ ಕಷ್ಟ. ಟೆಂಟಿನ ಬಟ್ಟೆ ರಾತ್ರಿಯಿಡೀ ಪಟಪಟನೆ ಬಡಿಯುತ್ತದೆ, ನಿದ್ದೆ ಇರುವುದಿಲ್ಲ, ಊಟ ಸೇರುವುದಿಲ್ಲ, ಎರಡನೇ ದಿನಕ್ಕೆ ಸಣ್ಣ ಮಾತಿಗೂ ಸಿಡುಕು. 5500 ಮೀಟರ್‌ನ ಮೇಲೆ ಸುಮ್ಮನೆ ಮಲಗಿದ್ದರೂ ಮೈ ಕರಗುತ್ತಿರುತ್ತದೆ. ಎರಡು ದಿನಕ್ಕಿಂತ ಹೆಚ್ಚು ಗಾಳಿ ಇದೆ ಎಂದು ಮುನ್ಸೂಚನೆ ಹೇಳಿದರೆ ಮೇಲೆ ಕೂರಬೇಡಿ, ಸಾಮಾನನ್ನು ಕಲ್ಲಿನಡಿ ಭದ್ರ ಮಾಡಿ ಪ್ಲಾಸಾ ದೆ ಮುಲಾಸ್‌ಗೆ ಇಳಿಯಿರಿ. ಮತ್ತೆ ಹತ್ತಬೇಕಲ್ಲ ಎಂಬ ಸಂಕಟ ಇರುತ್ತದೆ. ಆದರೂ ಇಳಿದು ಉಂಡು ಮಲಗಿ ಎದ್ದವರು ಮೇಲೇ ಕುಳಿತವರಿಗಿಂತ ಚುರುಕಾಗಿ ಹತ್ತುತ್ತಾರೆ.

ತುದಿಯ ದಿನ ಕೊಲೆರಾದಿಂದ ಬೆಳಗಿನ ಜಾವ ನಾಲ್ಕು ಐದಕ್ಕೆ ಹೊರಡಬೇಕು. ಸಾವಿರ ಮೀಟರ್ ಏರು, ಎಂಟರಿಂದ ಹನ್ನೆರಡು ಗಂಟೆ. 6380 ಮೀಟರ್‌ನ ಇಂಡಿಪೆಂಡೆನ್ಸಿಯಾ ಅನ್ನುವ ಮುರುಕು ಗುಡಿಸಲಿನ ಬಳಿ ಎಲ್ಲರೂ ಕ್ರಾಂಪನ್ ಕಟ್ಟಲು ನಿಲ್ಲುತ್ತಾರೆ. ಇಲ್ಲೇ ಬೂಟಿನೊಳಗೆ ಬೆರಳು ಅಲುಗಾಡಿಸಿ ನೋಡಿ: ಕಾಲ್ಬೆರಳಿಗೆ ಸ್ಪರ್ಶ ಇಲ್ಲದಿದ್ದರೆ ಮುಂದೆ ಹೋದ ಮೇಲೂ ಅದು ಬರುವುದಿಲ್ಲ, ವಾಪಸು ತಿರುಗಿ. ಅದರ ಮೇಲೆಯೇ ಪೋರ್ತೆಸುವೆಲೊ ದೆಲ್ ವಿಯೆಂತೊ, ಹೆಸರೇ ಹೇಳುವಂತೆ ಗಾಳಿಯ ಕಣಿವೆಬಾಯಿ. ಗಾಳಿ ಇಲ್ಲಿ ಇಕ್ಕಟ್ಟಿನಲ್ಲಿ ನುಗ್ಗಿ ಇನ್ನೂ ಜೋರಾಗುತ್ತದೆ, ಮುನ್ಸೂಚನೆಯ ಅಂಕಿಗೆ ಬಗ್ಗುವುದಿಲ್ಲ. ದಪ್ಪ ಮಿಟನ್, ಗಾಗಲ್ಸ್, ಮುಖವಾಡ ಎಲ್ಲವನ್ನೂ ಗುಡಿಸಲಿನ ಮರೆಯಲ್ಲೇ ಹಾಕಿಕೊಂಡಿರಬೇಕು; ಕಣಿವೆಬಾಯಿಗೆ ಹೋದ ಮೇಲೆ ಚೀಲ ಬಿಚ್ಚಿದರೆ ಕೈಗವಸು ಹಾರಿಹೋಯಿತೆಂದೇ ಲೆಕ್ಕ. ಆಮೇಲೆ ಉದ್ದದ ಅಡ್ಡದಾರಿ, ‘ಕುವೆವಾ’ ಅನ್ನುವ ಬಂಡೆಯ ಮರೆ, ಕೊನೆಗೆ ಕನಲೆತಾ. ಎರಡು ಹೆಜ್ಜೆ ಹತ್ತಿದರೆ ಒಂದು ಜಾರುವ ಸಡಿಲ ಕಲ್ಲಿನ ಏರು. ಹಿಮ ಗಟ್ಟಿಯಾಗಿದ್ದರೆ ಕ್ರಾಂಪನ್‌ನಲ್ಲಿ ಅದೇ ಸಲೀಸು. ಮಧ್ಯಾಹ್ನ ಎರಡು ಗಂಟೆಗೆ ತುದಿ ಎಷ್ಟೇ ಹತ್ತಿರ ಕಂಡರೂ ತಿರುಗಬೇಕು. ಮಧ್ಯಾಹ್ನದ ಮೇಲೆ ಮೋಡ, ಗಾಳಿ ಎರಡೂ ಕೂಡುವುದು ಹೆಚ್ಚು, ಸುಸ್ತಾದ ಕಾಲು ಅಡ್ಡದಾರಿಯಲ್ಲಿ ಎಡವುವುದೂ ಆಗಲೇ. ಗಾಳಿ ಜೋರಿದ್ದರೆ ಹೆಲಿಕಾಪ್ಟರ್ ಏರುವುದಿಲ್ಲ; ಆ ಹೊತ್ತಿಗೆ ನಿಮ್ಮ ತಂಡವೇ ನಿಮ್ಮ ರಕ್ಷಣಾ ಪಡೆ.

1897ರ ಜನವರಿ 14ರಂದು ಒಂದು ತಂಡದ ಗೈಡ್ ಮಥಿಯಾಸ್ ಜುರ್‌ಬ್ರಿಗೆನ್ ಮೊದಲ ಬಾರಿಗೆ ತುದಿ ಮುಟ್ಟಿದ ದಾಖಲೆಯಿದೆ. ಆ ತಂಡದ ನಾಯಕ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್‌ಗೆ ಶಿಖರ ದಕ್ಕಲೇ ಇಲ್ಲ. ತಿರುಗಬೇಕಾಗಿ ಬಂದವರು ಇದನ್ನು ನೆನೆದು ಸಮಾಧಾನ ಮಾಡಿಕೊಳ್ಳಬಹುದು.

ಇಳಿಯುವಾಗ ಆತುರ. ಪ್ಲಾಸಾ ದೆ ಮುಲಾಸ್‌ನಲ್ಲಿ ಮಲದ ಚೀಲ, ಕಸ ಒಪ್ಪಿಸಿ ರೇಂಜರ್‌ರಿಂದ ಪರ್ಮಿಟ್ ಮೇಲೆ ಗುರುತು ಹಾಕಿಸಿಕೊಳ್ಳಿ, ಒರ್ಕೋನೆಸ್‌ನಲ್ಲಿ ಹೊರಗೆ ಬಿಡುವಾಗ ಅದನ್ನೇ ಕೇಳುತ್ತಾರೆ. ಹೇಸರಗತ್ತೆಗಳಿಗೆ ವಾಪಸು ಹೊರೆ ಹಿಂದಿನ ದಿನವೇ ಹೇಳಿರಬೇಕು. ನೀವು ಹೊರಟು ಎಷ್ಟೋ ಹೊತ್ತಿನ ಮೇಲೆ ಚೀಲಗಳು ಪೆನಿತೆಂತೆಸ್ ತಲುಪುವುದುಂಟು, ಆದ್ದರಿಂದ ರಾತ್ರಿಯ ಬಟ್ಟೆ, ಪಾಸ್‌ಪೋರ್ಟ್, ದುಡ್ಡು ಬೆನ್ನಿನ ಚೀಲದಲ್ಲೇ ಇರಲಿ. ವಿಮಾನದ ಟಿಕೆಟ್ ದಿನ ಬದಲಿಸಬಹುದಾದದ್ದೇ ಕೊಳ್ಳಿ, ಪರ್ಮಿಟ್‌ನ 20ನೇ ದಿನ ಕಳೆದು ಎರಡು ದಿನದ ನಂತರಕ್ಕೆ. ಬೇಗ ಇಳಿದರೆ ಮುಂಚಿನ ವಿಮಾನಕ್ಕೆ ಬದಲಿಸಲು ಆಗುವ ಖರ್ಚು, ಕೊಲೆರಾದಲ್ಲಿ ಕುಳಿತು ತಪ್ಪಿಹೋದ ವಿಮಾನಕ್ಕೆ ಹೊಸ ಟಿಕೆಟ್ ಕೊಳ್ಳುವುದಕ್ಕಿಂತ ಎಷ್ಟೋ ಕಡಿಮೆ.